ರಕ್ಕಸಗಿ–ತಂಗಡಗಿಯ ಯುದ್ಧವೂ ತರುಣ ಮನಸ್ಸೂ

ಹದಿನೇಳು–ಹದಿನೆಂಟರ ವಯಸ್ಸಿನಲ್ಲಿ ಇತಿಹಾಸದ ಗ್ರಂಥವೊಂದನ್ನು ಸ್ವಂತ ಆಸೆಯಿಂದ ಕೈಗೆತ್ತಿಕೊಳ್ಳುವ ತರುಣನು ಅದರಲ್ಲಿ ಮೊದಲು ಹುಡುಕುವುದು ಯುದ್ಧದ ಅಧ್ಯಾಯವನ್ನು. ಕೆರೆಕಟ್ಟೆಗಳ ನಿರ್ಮಾಣ, ಭೂಕಂದಾಯದ ಕ್ರಮ, ದತ್ತಿಶಾಸನಗಳ ಒಕ್ಕಣೆ ಮುಂತಾದುವುಗಳ ಹಾಳೆಗಳನ್ನು ಬೇಗ ಬೇಗ ಮಗುಚಿ, ಎರಡು ಸೈನ್ಯಗಳು ಎದುರುಬದುರಾಗಿ ನಿಂತ ಪುಟಕ್ಕೆ ಬಂದಾಗ ಅವನ ಕಣ್ಣು ಅಲ್ಲಿ ನೆಲೆಯೂರುತ್ತದೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಯುದ್ಧದಲ್ಲಿ ಕಥೆಗೆ ಬೇಕಾದ ಸಾಮಗ್ರಿಯೆಲ್ಲವೂ ಸಿದ್ಧವಾಗಿಯೇ ಇದೆ: ನಾಯಕನಿದ್ದಾನೆ, ಪ್ರತಿನಾಯಕನಿದ್ದಾನೆ, ಒಂದು ಹಗಲಿನೊಳಗೆ ಮುಗಿಯುವ ಘಟನಾವಳಿಯಿದೆ, ಜಯವೋ ಅಪಜಯವೋ ಎಂಬ ಸ್ಪಷ್ಟವಾದ ಅಂತ್ಯವಿದೆ. ಆದರೆ ಆ ಕಥೆಯಲ್ಲಿಯೇ ತೃಪ್ತನಾಗಿ ಪುಸ್ತಕವನ್ನು ಮುಚ್ಚಿಡದೆ, ಎರಡನೆಯ ಗ್ರಂಥವನ್ನು, ಮೂರನೆಯದನ್ನು ತೆರೆದು, ಒಂದರ ಮಾತನ್ನು ಇನ್ನೊಂದರ ಮಾತಿನ ಪಕ್ಕದಲ್ಲಿಟ್ಟು ನೋಡುವ ಹಟ ಅವನಲ್ಲಿ ಹುಟ್ಟಿತೆಂದರೆ, ಅವನ ಮನೋಧರ್ಮದಲ್ಲಿ ನಡೆಯತೊಡಗುವ ಪರಿವರ್ತನೆಯು ಬಹು ಕುತೂಹಲಕರವಾದುದು. ಆ ಪರಿವರ್ತನೆ ಎಂಥದು, ಅದು ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ನಮ್ಮ ನಾಡಿನದೇ ಆದ ಒಂದು ಯುದ್ಧವನ್ನು ಹಿಡಿದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1565ನೆಯ ಇಸವಿಯ ಜನವರಿ 23ರಂದು ಕೃಷ್ಣಾನದಿಯ ಸಮೀಪದಲ್ಲಿ ವಿಜಯನಗರದ ಸೈನ್ಯವೂ ದಕ್ಷಿಣಾಪಥದ ನಾಲ್ವರು ಸುಲ್ತಾನರ ಸಂಯುಕ್ತ ಸೈನ್ಯವೂ ಸಂಧಿಸಿದುವು. ಬಿಜಾಪುರದ ಅಲಿ ಆದಿಲ್ ಶಾಹ, ಅಹಮದ್‌ನಗರದ ಹುಸೇನ್ ನಿಜಾಮ್ ಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ, ಬೀದರಿನ ಅಲಿ ಬರೀದ್ ಶಾಹ ಒಂದು ಕಡೆ. ಸದಾಶಿವರಾಯನ ಹೆಸರಿನಲ್ಲಿ ರಾಜ್ಯಭಾರವನ್ನು ನಿಜವಾಗಿ ನಿರ್ವಹಿಸುತ್ತಿದ್ದ, ಕೃಷ್ಣದೇವರಾಯನ ಅಳಿಯನಾದ ರಾಮರಾಯನೂ ಆತನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರೂ ಮತ್ತೊಂದು ಕಡೆ. ಸುಲ್ತಾನರ ದಂಡು ಬೀಡುಬಿಟ್ಟಿದ್ದ ತಾಳಿಕೋಟೆಯ ಹೆಸರು ಈ ಯುದ್ಧಕ್ಕೆ ಅಂಟಿಕೊಂಡಿತಾದರೂ, ಕಾಳಗ ನಡೆದದ್ದು ಆ ಊರಿನಿಂದ ದೂರದಲ್ಲಿ. ನದೀತೀರದ ರಕ್ಕಸಗಿ, ತಂಗಡಗಿ ಎಂಬ ಗ್ರಾಮಗಳ ಹೆಸರಿನಿಂದ ಅದನ್ನು ಕರೆಯುವ ವಾಡಿಕೆ ನಮ್ಮಲ್ಲಿದೆ. ರಣರಂಗವು ಖಚಿತವಾಗಿ ಯಾವ ಸ್ಥಳವೆಂಬುದನ್ನು ಕುರಿತು ವಿದ್ವಾಂಸರ ಚರ್ಚೆ ಇನ್ನೂ ನಿಂತಿಲ್ಲ. ಆ ದಿನ ರಾಮರಾಯನು ಸೆರೆಸಿಕ್ಕಿ ಹತನಾದನು, ಸೈನ್ಯ ಚದುರಿತು, ತಿರುಮಲನು ಸದಾಶಿವರಾಯನನ್ನೂ ರಾಜಭಂಡಾರವನ್ನೂ ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಗೆ ತೆರಳಿದನು, ಕಾಯುವವರಿಲ್ಲದ ರಾಜಧಾನಿಯು ತಿಂಗಳುಗಟ್ಟಲೆ ಸೂರೆಹೋಯಿತು.

ಕನ್ನಡದ ಮಕ್ಕಳು ಈ ಸಂಗತಿಯನ್ನು ಮೊದಲು ತಿಳಿಯುವುದು ಶಾಲೆಯ ಪಾಠದಿಂದ, ಇಲ್ಲವೇ ಹಂಪಿಯ ಪ್ರವಾಸದಿಂದ. ಮುರಿದ ಮಂಟಪಗಳ ನಡುವೆ ನಿಂತು, ಮುತ್ತುರತ್ನಗಳನ್ನು ಬಳ್ಳದಿಂದ ಅಳೆದರೆಂಬ ಬೀದಿಯ ಈಗಿನ ಸ್ಥಿತಿಯನ್ನು ಕಣ್ಣಾರೆ ಕಂಡಾಗ ಎಳೆಯ ಹೃದಯದಲ್ಲಿ ಏಳುವ ಭಾವಗಳು ಎರಡು: ವ್ಯಥೆ ಮತ್ತು ಕ್ರೋಧ. ಈ ಎರಡನ್ನೂ ನಾನು ಗೌರವದಿಂದಲೇ ನೋಡುತ್ತೇನೆ. ಹಾಳಾದುದನ್ನು ಕಂಡು ನೋಯದ ಮನಸ್ಸು ಇತಿಹಾಸವನ್ನು ಓದಿ ಪ್ರಯೋಜನವಿಲ್ಲ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದಾಗ, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರ ಎದೆಯಲ್ಲಿ ತಾವು ಒಂದು ಜನಾಂಗವೆಂಬ ಅರಿವನ್ನು ಎಬ್ಬಿಸಿದ್ದು ಇಂಥ ವ್ಯಥೆಯೇ. ಅಂಥ ಭಾವನೆಯ ಬೆಲೆಯನ್ನು ಬಲ್ಲವನಾಗಿಯೇ, ಅದು ಆರಂಭವೇ ಹೊರತು ಗುರಿಯಲ್ಲವೆಂದು ಹೇಳಬೇಕಾಗಿದೆ.

ಮುಂದೆ ಓದತೊಡಗಿದ ತರುಣನಿಗೆ ಎದುರಾಗುವ ಮೊದಲನೆಯ ತೊಡಕೆಂದರೆ, ತಾನು ಎರಡು ಸಾಲಾಗಿ ನಿಲ್ಲಿಸಿಕೊಂಡಿದ್ದ ವ್ಯಕ್ತಿಗಳು ಆ ಸಾಲುಗಳಲ್ಲಿ ನಿಲ್ಲಲು ಒಪ್ಪದಿರುವುದು. ರಾಮರಾಯನ ತಲೆ ಉರುಳಿದ ದಿನ ಎದುರುಪಕ್ಷದಲ್ಲಿದ್ದ ಇಬ್ರಾಹಿಂ ಕುತುಬ್ ಶಾಹನು ತನ್ನ ಯೌವನದಲ್ಲಿ, ಅಣ್ಣನ ಭಯದಿಂದ ಗೋಲ್ಕೊಂಡವನ್ನು ಬಿಟ್ಟು ಓಡಿಬಂದು, ಸುಮಾರು ಏಳು ವರ್ಷ ವಿಜಯನಗರದಲ್ಲಿ ಅದೇ ರಾಮರಾಯನ ಆಶ್ರಯದಲ್ಲಿ ಬಾಳಿದವನು. 1550ರಲ್ಲಿ ಸಿಂಹಾಸನವೇರಿದ ಬಳಿಕ ತೆಲುಗು ಕವಿಗಳಿಗೆ ಪೋಷಕನಾಗಿ, ಅವರಿಂದ ಮಲ್ಕಿಭರಾಮನೆಂದು ಹೊಗಳಿಸಿಕೊಂಡವನು. ರಾಮರಾಯನಾದರೋ ತನ್ನ ಆರಂಭದ ದಿನಗಳಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದನೆಂದು ಒಂದು ಹಳೆಯ ವೃತ್ತಾಂತ ಹೇಳುತ್ತದೆ. ಅಲಿ ಆದಿಲ್ ಶಾಹನ ಪ್ರಸಂಗವು ಇನ್ನೂ ವಿಸ್ಮಯಕರವಾದುದು. ರಾಮರಾಯನಿಗೆ ಪುತ್ರಶೋಕ ಒದಗಿದಾಗ ಆ ತರುಣ ಸುಲ್ತಾನನು ಸ್ವಲ್ಪವೇ ಪರಿವಾರದೊಡನೆ ಸ್ವತಃ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿದನೆಂದೂ, ರಾಮರಾಯನ ಪತ್ನಿಯು ಅವನನ್ನು ಮಗನೆಂದು ಸ್ವೀಕರಿಸಿದಳೆಂದೂ, ಆದರೆ ಅವನು ಹೊರಟುನಿಂತಾಗ ಮರ್ಯಾದೆಗೆ ತಕ್ಕಂತೆ ರಾಮರಾಯನು ಬೀಳ್ಕೊಡಲು ಬಾರದುದರಿಂದ ಅವನು ಮನಸ್ಸಿನಲ್ಲಿ ನೊಂದು ಹಿಂದಿರುಗಿದನೆಂದೂ ಇತಿಹಾಸಕಾರನಾದ ಫಿರಿಸ್ತಾ ಬರೆದಿದ್ದಾನೆ. ಯುದ್ಧಕ್ಕೆ ಕೆಲವೇ ವರ್ಷ ಮೊದಲು, ಈ ಅಲಿಯ ಮಿತ್ರನಾಗಿಯೇ ರಾಮರಾಯನು ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದನು. ಆ ದಂಡಯಾತ್ರೆಯಲ್ಲಿ ಹುಸೇನನ ನಾಡನ್ನು ವಿಜಯನಗರದ ಸೈನಿಕರು ಸುಲಿದ ರೀತಿಯನ್ನು ಫಿರಿಸ್ತಾ ಕಹಿಯಾಗಿ ವರ್ಣಿಸುತ್ತಾನೆ.

ಇದನ್ನೆಲ್ಲ ಓದಿದ ಹುಡುಗನು ಮೊದಲು ತಬ್ಬಿಬ್ಬಾಗುತ್ತಾನೆ. ಮತಧರ್ಮಗಳ ಹೆಸರಿನಿಂದ ಸರಳವಾಗಿ ವಿಂಗಡಿಸಿಟ್ಟುಕೊಂಡಿದ್ದ ಶತ್ರುಮಿತ್ರಭಾವವು ಇಲ್ಲಿ ವರ್ಷವರ್ಷಕ್ಕೂ ಸ್ಥಾನ ಬದಲಿಸುತ್ತದೆ. ಇಮ್ಮಡಿ ದೇವರಾಯನ ಕಾಲದಿಂದಲೂ ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ಅಶ್ವಾರೋಹಿಗಳೂ ಬಿಲ್ಲುಗಾರರೂ ಇದ್ದರೆಂಬುದನ್ನೂ, 1439ರಲ್ಲಿ ಅಹಮದ್ ಖಾನನೆಂಬ ಅಧಿಕಾರಿ ಆ ಅರಸನ ಶ್ರೇಯಸ್ಸಿಗಾಗಿ ರಾಜಧಾನಿಯಲ್ಲಿಯೇ ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಶಾಸನವು ಧರ್ಮಶಾಲೆಯೆಂದು ಕರೆದಿದೆಯೆಂಬುದನ್ನೂ ತಿಳಿದಾಗ ಅವನ ತೊಡಕು ಇನ್ನಷ್ಟು ಹೆಚ್ಚುತ್ತದೆ. ಹೀಗೆ ತಬ್ಬಿಬ್ಬಾಗುವುದೇ ಅಧ್ಯಯನದ ಮೊದಲ ಫಲವೆಂದು ನನ್ನ ಅಭಿಪ್ರಾಯ. ‘ಇವರು ನಮ್ಮವರು, ಅವರು ಅನ್ಯರು’ ಎಂದು ಮುಂಚಿತವಾಗಿಯೇ ತೀರ್ಮಾನಿಸಿ ಮನುಷ್ಯರನ್ನು ಕಾಣುವ ಅಭ್ಯಾಸ ಅಲ್ಲಿ ಸಡಿಲಗೊಳ್ಳುತ್ತದೆ. ಒಬ್ಬೊಬ್ಬನೂ ಯಾವ ಆಸೆಯಿಂದ, ಯಾವ ಅಂಜಿಕೆಯಿಂದ, ಯಾವ ಹಳೆಯ ಅವಮಾನದ ನೆನಪಿನಿಂದ ಅಲ್ಲಿಗೆ ಬಂದು ನಿಂತನೆಂದು ಬಿಡಿಬಿಡಿಯಾಗಿ ವಿಚಾರಿಸುವ ಪ್ರವೃತ್ತಿ ಮೂಡುತ್ತದೆ.

ಎರಡನೆಯದು ಸಾಕ್ಷ್ಯದ ವಿಚಾರ. ಯುದ್ಧದ ದೀರ್ಘ ವರ್ಣನೆಯನ್ನು ಬರೆದಿಟ್ಟ ಫಿರಿಸ್ತಾನು ಆ ಕಾಳಗವನ್ನು ಕಣ್ಣಾರೆ ಕಂಡವನಲ್ಲ. ಆತನು ಗ್ರಂಥ ರಚಿಸಿದ್ದು ಸುಮಾರು ನಾಲ್ಕು ದಶಕಗಳ ಅನಂತರ, ಬಿಜಾಪುರದ ಆಸ್ಥಾನದ ಆಶ್ರಯದಲ್ಲಿ, ಪಾರಸಿ ಭಾಷೆಯಲ್ಲಿ. ವೆನಿಸ್ಸಿನ ವರ್ತಕನಾದ ಸೀಸರ್ ಫ್ರೆಡರಿಕನು ಹಾಳಾದ ರಾಜಧಾನಿಯನ್ನು 1567ರಲ್ಲಿ ಕಂಡು ಬರೆದನು. ಆದರೆ ಅವನು ಯುದ್ಧವನ್ನು ಕಂಡವನಲ್ಲ, ಕೇಳಿದವನು. ಅಹಮದ್‌ನಗರದ ಆಸ್ಥಾನದಲ್ಲಿ ಆಫ್ತಾಬಿಯೆಂಬ ಕವಿ ಹುಸೇನ್ ಶಾಹನ ಕೀರ್ತಿಗಾಗಿ ಬರೆದ ಸಚಿತ್ರ ಕಾವ್ಯದ ಹಸ್ತಪ್ರತಿಯೊಂದು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಯುದ್ಧದ ಸಮೀಪಕಾಲದ ಚಿತ್ರಗಳು ಅದರಲ್ಲಿವೆಯಾದರೂ, ಅದು ಗೆದ್ದವನ ಮನೆಯಲ್ಲಿ ಗೆದ್ದವನಿಗಾಗಿ ಬರೆಸಿದ ಚಿತ್ರ. ರಾಮರಾಯನ ಅಂತ್ಯವನ್ನೇ ತೆಗೆದುಕೊಂಡರೂ ಒಂದೊಂದು ವೃತ್ತಾಂತ ಒಂದೊಂದು ಬಗೆ: ಹುಸೇನನ ಅಪ್ಪಣೆಯಿಂದ ಶಿರಚ್ಛೇದವಾಯಿತೆಂದು ಒಬ್ಬನು, ಹುಸೇನನೇ ಕೈಯಾರೆ ಕಡಿದನೆಂದು ಇನ್ನೊಬ್ಬನು. ಸೋತ ಪಕ್ಷದ ಸೈನಿಕನೊಬ್ಬನು ತಾನು ಕಂಡದ್ದನ್ನು ಹೀಗೆಂದು ಬರೆದಿಟ್ಟ ಓಲೆ ಇತಿಹಾಸಕಾರರ ಮುಂದೆ ಇಲ್ಲ. ಬರೆದವನು ಯಾರು, ಯಾರ ಅನ್ನ ಉಂಡು ಬರೆದನು, ಎಷ್ಟು ದೂರದಿಂದ, ಎಷ್ಟು ಕಾಲದ ಮೇಲೆ ಬರೆದನು ಎಂಬ ಪ್ರಶ್ನೆಗಳನ್ನು ಒಂದು ಯುದ್ಧದ ವಿಷಯದಲ್ಲಿ ಕೇಳಲು ಕಲಿತ ಹುಡುಗನು, ಮರುದಿನ ಬೆಳಗ್ಗೆ ಕೈಗೆ ಬಂದ ವೃತ್ತಪತ್ರಿಕೆಯ ಸುದ್ದಿಯನ್ನು ಕುರಿತೂ ಅವೇ ಪ್ರಶ್ನೆಗಳನ್ನು ಕೇಳದೆ ಇರಲಾರನು.

ಅಂಕಿಗಳ ವಿಷಯವೂ ಹೀಗೆಯೇ. ವಿಜಯನಗರದ ಸೈನ್ಯದಲ್ಲಿ ಆರು ಲಕ್ಷ ಕಾಲಾಳುಗಳೂ ಒಂದು ಲಕ್ಷ ಕುದುರೆಗಳೂ ಇದ್ದುವೆಂಬ ಮಾತು ಹಳೆಯ ಬರೆಹಗಳ ಆಧಾರದ ಮೇಲೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಇಂಥ ಸಂಖ್ಯೆಯನ್ನು ಓದಿ ರೋಮಾಂಚಗೊಳ್ಳುವ ವಿದ್ಯಾರ್ಥಿಯ ಮುಂದೆ ಒಂದು ಕಾಗದವನ್ನಿಟ್ಟು, ಈ ಸೈನ್ಯ ಒಂದು ದಿನ ಉಣ್ಣಲು ಏನು ಬೇಕೆಂದು ಲೆಕ್ಕ ಹಾಕೆಂದು ನಾನು ಹೇಳುವುದುಂಟು. ಆಳಿಗೆ ಅರ್ಧ ಕಿಲೋ ಧಾನ್ಯವೆಂದು ಹಿಡಿದರೂ ಆರು ಲಕ್ಷ ಜನಕ್ಕೆ ಒಂದು ದಿನಕ್ಕೆ ಮೂರು ಲಕ್ಷ ಕಿಲೋ. ಒಂದು ಎತ್ತು ಹೊರುವ ಹೇರು ಒಂದು ಕ್ವಿಂಟಲು ಎಂದುಕೊಂಡರೆ, ಬರಿಯ ಒಂದು ದಿನದ ಗ್ರಾಸಕ್ಕೆ ಮೂರು ಸಾವಿರ ಹೇರೆತ್ತುಗಳು. ಕುದುರೆಗೆ ಎರಡೆರಡು ಕಿಲೋ ಹುರುಳಿಯೆಂದರೆ ಮತ್ತೆರಡು ಸಾವಿರ ಎತ್ತುಗಳು. ಹತ್ತು ದಿನ ಬೀಡುಬಿಟ್ಟರೆ ಐವತ್ತು ಸಾವಿರ. ಆ ಎತ್ತುಗಳಿಗೆ ಮೇವು ಬೇಕು, ಅವನ್ನು ಹೊಡೆಯುವವರಿಗೆ ಹಿಟ್ಟು ಬೇಕು, ಎಲ್ಲರಿಗೂ ನೀರು ಬೇಕು. ಆನೆಗಳನ್ನು ನಾವಿನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಗುಣಾಕಾರ ಮುಗಿಯುವ ಹೊತ್ತಿಗೆ ಆರು ಲಕ್ಷವೆಂಬ ಅಂಕಿಯ ಮೇಲೆ ಸಂಶಯ ಹುಟ್ಟಿರುತ್ತದೆ. ಅದರೊಡನೆಯೇ, ಯುದ್ಧವೆಂದರೆ ಕತ್ತಿಗೆ ಕತ್ತಿ ತಾಗುವ ಆ ಕೆಲವು ಗಳಿಗೆಗಳಷ್ಟೇ ಎಂಬ ಕಲ್ಪನೆ ಕದಲಿಹೋಗಿ, ಧಾನ್ಯ ಹೊತ್ತು ನಡೆದವರು, ಬಾವಿ ಸೇದಿದವರು, ಲಾಳ ಬಡಿದವರು, ದಾರಿಯುದ್ದಕ್ಕೂ ಹಗೇವು ತೆರೆದುಕೊಟ್ಟ ಹಳ್ಳಿಗರು ಕಣ್ಣಮುಂದೆ ಬರುತ್ತಾರೆ. ಸೈನ್ಯ ಸಣ್ಣದಾದಷ್ಟೂ ಯುದ್ಧ ದೊಡ್ಡದಾಗಿ ಕಾಣುವ ಈ ಅನುಭವವನ್ನು ನಾನು ಹಲವು ವಿದ್ಯಾರ್ಥಿಗಳ ಮುಖದಲ್ಲಿ ಕಂಡಿದ್ದೇನೆ.

ಹುನಗುಂದದ ಕಡೆಯ ಒಕ್ಕಲು ಮನೆತನದಿಂದ ಬಂದ ಹುಡುಗಿಯೊಬ್ಬಳು ಇಂಥದೊಂದು ಲೆಕ್ಕದ ನಡುವೆ ತಲೆಯೆತ್ತಿ ಕೇಳಿದಳು: “ಸರ್, ಆ ಹೊತ್ತಿನ್ಯಾಗ ನಮ್ಮ ಕಡೆ ಬಿಳಿಜ್ವಾಳ ತೆನಿ ಹಿಡದು ನಿಂತಿರ್ತಾವ್ರಿ. ಆ ವರ್ಷ ಅವನ್ನ ಕೊಯ್ದವರು ಯಾರ್ರೀ?” ನಾನು ಓದಿದ ಯಾವ ಗ್ರಂಥವೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಅಂದಿನ ಐರೋಪ್ಯ ಪಂಚಾಂಗವು ಇಂದಿನದಕ್ಕಿಂತ ಹತ್ತು ದಿನ ಹಿಂದಿದ್ದುದರಿಂದ, ಜನವರಿ 23 ಎಂದರೆ ನಮ್ಮ ಲೆಕ್ಕದಲ್ಲಿ ಫೆಬ್ರವರಿಯ ಆರಂಭ. ಕೃಷ್ಣಾತೀರದ ಎರೆಭೂಮಿಯಲ್ಲಿ ಅದು ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಸೀತನಿಯ ಸವಿ ಮುಗಿದು, ಕಾಳು ಬಲಿಯುತ್ತ ಬರುವ ಕಾಲ. ಹಿಂಗಾರಿ ಜೋಳವೊಂದನ್ನೇ ನೆಚ್ಚಿ ವರ್ಷ ಕಳೆಯುವ ಸಂಸಾರಕ್ಕೆ ಅದಕ್ಕಿಂತ ನಾಜೂಕಾದ ಕಾಲ ಬೇರೊಂದಿಲ್ಲ. ಅಂಥ ಹೊಲಗಳ ನಡುವೆ ಐದು ಸೈನ್ಯಗಳು, ಅವುಗಳ ಕುದುರೆಗಳು, ಆನೆಗಳು, ಎತ್ತುಗಳು ವಾರಗಟ್ಟಲೆ ತಂಗಿದುವು. ಯಾವ ಅರಸನು ಯಾವ ಛತ್ರದ ಕೆಳಗೆ ನಿಂತನೆಂಬುದನ್ನು ಬರೆದವರುಂಟು. ಕಣದಲ್ಲಿ ರಾಶಿ ಬೀಳದ ಆ ವರ್ಷವನ್ನು ಒಬ್ಬ ಒಕ್ಕಲಿಗಿತ್ತಿ ಹೇಗೆ ದಾಟಿದಳೆಂಬುದನ್ನು ಬರೆದವರಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಆ ದೋಆಬಿಗಾಗಿ ವಿಜಯನಗರವೂ ಬಹಮನಿಗಳೂ, ಅವರ ಬಳಿಕ ಆದಿಲ್ ಶಾಹಿಗಳೂ ಎರಡು ಶತಮಾನ ಕಾದಾಡಿದರು. ಫಲವತ್ತಾದುದೆಂಬ ಕಾರಣದಿಂದಲೇ ಅದು ಬೇಕಾಗಿತ್ತು. ಬೇಕಾದುದರಿಂದಲೇ ಮತ್ತೆ ಮತ್ತೆ ತುಳಿತಕ್ಕೆ ಸಿಕ್ಕಿತು. ಆ ಹುಡುಗಿ ಯುದ್ಧವನ್ನು ಕಂಡದ್ದು ತನ್ನ ಅಜ್ಜಿಯ ಹೊಲದ ಬದುವಿನ ಮೇಲೆ ನಿಂತು. ಆ ಬದುವಿನಿಂದ ಕಂಡ ನೋಟವನ್ನು ಅರಮನೆಯ ಬುರುಜಿನಿಂದ ಕಂಡ ನೋಟಕ್ಕಿಂತ ಕಡಿಮೆಯದೆಂದು ಯಾರು ಹೇಳಬಲ್ಲರು?

ಈಗ ದ್ರೋಹದ ಮಾತಿಗೆ ಬರಬೇಕು; ತರುಣರ ಮನಸ್ಸನ್ನು ಇದರಷ್ಟು ಬಲವಾಗಿ ಹಿಡಿಯುವ ಅಂಶ ಈ ಯುದ್ಧದ ಕಥನದಲ್ಲಿ ಬೇರೆ ಇಲ್ಲ. ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸಲ್ಮಾನ ಸೇನಾನಿಗಳು ಸಮಯ ಕಾದು ಪಕ್ಷ ಬದಲಿಸಿದರೆಂದೂ, ಅದರಿಂದಲೇ ಸೋಲಾಯಿತೆಂದೂ ಸೀಸರ್ ಫ್ರೆಡರಿಕನು ಬರೆದಿದ್ದಾನೆ. ಫಿರಿಸ್ತಾನ ದೀರ್ಘ ವರ್ಣನೆಯಲ್ಲಿ ಅದರ ಸುಳಿವಿಲ್ಲ. ಗೆದ್ದವರ ಆಶ್ರಿತನಾದ್ದರಿಂದ ಅವನು ಅದನ್ನು ಮರೆಸಿದನೆಂದು ಕೆಲವರು. ಎರಡು ವರ್ಷಗಳ ಮೇಲೆ ಹಾಳುನಗರದಲ್ಲಿ ಬಾಯಿಂದ ಬಾಯಿಗೆ ಹರಡಿದ್ದ ಸಮಾಧಾನದ ಕಥೆಯನ್ನೇ ವರ್ತಕನು ಕೇಳಿ ಬರೆದನೆಂದು ಮತ್ತೆ ಕೆಲವರು. ದ್ರೋಹ ನಡೆಯಲೇ ಇಲ್ಲವೆಂದು ಹೇಳುವಷ್ಟು ಆಧಾರ ನನ್ನಲ್ಲಿಲ್ಲ. ಆದರೆ ತರುಣರು ಆ ಒಂದೇ ಕಾರಣಕ್ಕೆ ಜೋತುಬೀಳುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ. ದ್ರೋಹವೊಂದರಿಂದಲೇ ಎಲ್ಲವನ್ನೂ ವಿವರಿಸಿದೆವೆಂದರೆ ಉಳಿದ ಯಾವ ಪ್ರಶ್ನೆಯನ್ನೂ ಕೇಳುವ ಶ್ರಮವಿಲ್ಲ. ಹುಸೇನ್ ನಿಜಾಮ್ ಶಾಹನು ತನ್ನ ಫಿರಂಗಿಗಳನ್ನು ಮೂರು ಸಾಲಾಗಿ ಹೂಡಿ, ಚಲಬಿ ರೂಮಿ ಖಾನನೆಂಬ ಸೇನಾನಿಯ ವಶಕ್ಕೆ ಒಪ್ಪಿಸಿದ್ದನು; ಎದುರಾಳಿಗಳು ಸಮೀಪಕ್ಕೆ ನುಗ್ಗಿದಾಗ ಅವುಗಳ ಬಾಯಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಲಾಯಿತೆಂದೂ, ಆ ಒಂದು ಹೊಡೆತಕ್ಕೆ ಸಾವಿರಾರು ಜನ ಬಿದ್ದರೆಂದೂ ವೃತ್ತಾಂತ ಹೇಳುತ್ತದೆ. ವಯೋವೃದ್ಧನಾದ ರಾಮರಾಯನು ಕುದುರೆಯೇರಲು ಒಪ್ಪದೆ ಪಲ್ಲಕ್ಕಿಯಲ್ಲಿ ಕುಳಿತೇ ಸೈನ್ಯವನ್ನು ನಡೆಸಿದನು. ವರ್ಷಾನುವರ್ಷ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಗೆಲ್ಲುತ್ತ ಬಂದ ಆತನಿಗೆ, ಅವರು ಒಂದಾಗಬಹುದೆಂಬ ಶಂಕೆ ತಡವಾಗಿ ಬಂದಿರಬೇಕು. ಅವರನ್ನು ಒಂದುಗೂಡಿಸಿದ ಉಪಾಯವಾದರೂ ಸರಳವೇ: ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾಹನಿಗೆ ಕೊಟ್ಟು, ಬಹುಕಾಲದ ವ್ಯಾಜ್ಯಕ್ಕೆ ಮೂಲವಾಗಿದ್ದ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಸೇರಿಸಿದರು, ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡರು. ಗೆದ್ದ ನೀತಿಯನ್ನೇ ನಂಬಿ ಕುಳಿತವನಿಗೆ ಆ ನೀತಿಯೇ ಮುಳುವಾಗುವ ಬಗೆಯನ್ನು ಇಲ್ಲಿ ಕಂಡುಕೊಂಡ ತರುಣನು, ತನ್ನ ಬಾಳಿನ ಸೋಲುಗಳಿಗೂ ಹೊರಗಿನ ದ್ರೋಹಿಯನ್ನು ಹುಡುಕುವ ಮೊದಲು ಒಳಗಿನ ಅಲಕ್ಷ್ಯವನ್ನು ತಡವಿ ನೋಡುವನೆಂದು ನನ್ನ ನಂಬಿಕೆ.

ಗ್ರಂಥಗಳಿಂದ ಬಾರದ ಜ್ಞಾನ ಕೆಲವೊಮ್ಮೆ ವಸ್ತುಗಳಿಂದ ಬರುತ್ತದೆ. ಬಿಜಾಪುರದ, ಎಂದರೆ ಇಂದಿನ ವಿಜಯಪುರದ, ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಎಂಬ ಮಹಾಫಿರಂಗಿ ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕಹೊಯ್ದದ್ದು. ಉದ್ದ 14 ಅಡಿಗೆ ಮೇಲೆ, ತೂಕ ಸುಮಾರು 55 ಟನ್. ತಾಳಿಕೋಟೆಯ ಕಾಳಗದಲ್ಲಿ ಇದು ಇತ್ತೆಂಬುದು ಪ್ರತೀತಿ. ಅದರ ಬಾಯಿಯನ್ನು ಸಿಂಹದ ತೆರೆದ ದವಡೆಯಂತೆ ರೂಪಿಸಿ, ಆ ದವಡೆಯ ಕೋರೆಗಳ ನಡುವೆ ಒಂದು ಸಣ್ಣ ಆನೆ ಸಿಕ್ಕಿಕೊಂಡಂತೆ ಕಡೆದಿದ್ದಾರೆ. ಬೆಸುಗೆಯ ಗುರುತಿಲ್ಲದ ನುಣುಪಾದ ಆ ಲೋಹವನ್ನು ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಮೈಮೇಲೆ ಎರಡು ಬರೆಹಗಳಿವೆ: ಒಂದು ಎರಕದ ಕಾಲದ್ದು; ಇನ್ನೊಂದು 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬನು ಕೆತ್ತಿಸಿದ್ದು. ವಿಜಯನಗರವನ್ನು ಗೆದ್ದವರ ಆಯುಧದ ಮೇಲೆ, ಆ ಗೆದ್ದವರನ್ನು ಗೆದ್ದವನ ಮುದ್ರೆ! 1854ರಲ್ಲಿ, ಉಪಯೋಗಕ್ಕೆ ಬಾರದ ಸರಕೆಂದು ಅದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಆ ಮಾರಾಟ ರದ್ದಾದುದರಿಂದ ಅದು ನಮಗೆ ಉಳಿಯಿತು. ಈ ಫಿರಂಗಿಯ ಮುಂದೆ ನಿಂತ ವಿದ್ಯಾರ್ಥಿಗಳು ಮೊದಲು ಅದರ ಗಾತ್ರಕ್ಕೆ ಬೆರಗಾಗುತ್ತಾರೆ, ಅನಂತರ ಆ ಕುಶಲತೆಗೆ ಬೆರಗಾಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಇಷ್ಟು ಸೊಗಸಾದ ಕೈಕೆಲಸವನ್ನು ಬಲ್ಲ ಜನ ಅದನ್ನು ಈ ಕಾರ್ಯಕ್ಕೆ ವಿನಿಯೋಗಿಸಿದರಲ್ಲಾ ಎಂಬ ಪ್ರಶ್ನೆಯನ್ನು ಯಾವ ಉಪದೇಶವೂ ಇಲ್ಲದೆ ಆ ಲೋಹವೇ ಅವರ ಮುಂದಿಡುತ್ತದೆ.

ಜಯಶಾಲಿಗಳ ಮುಂದಿನ ಕಥೆ ಬಹು ಚಿಕ್ಕದು. ಹುಸೇನ್ ನಿಜಾಮ್ ಶಾಹನು ಅದೇ ವರ್ಷ, ಯುದ್ಧವಾದ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡನು. ಸುಲ್ತಾನರ ಒಕ್ಕೂಟ ಬಹುಬೇಗ ಮುರಿದು ಅವರು ಮತ್ತೆ ಪರಸ್ಪರ ಕಾದಾಡತೊಡಗಿದರು. ಅಲಿ ಆದಿಲ್ ಶಾಹನು 1580ರಲ್ಲಿ ಕೊಲೆಗೆ ತುತ್ತಾದನು. ಸಂಧಿಯ ಸಾಧನವಾಗಿ ಮದುವೆಯಾಗಿ ಬಂದ ಚಾಂದ್ ಬೀಬಿಯು ಮೂವತ್ತು ವರ್ಷಗಳ ಅನಂತರ ತವರಿನ ಕೋಟೆಯನ್ನು ಮೊಗಲರ ವಿರುದ್ಧ ರಕ್ಷಿಸಲು ನಿಂತು, ಕೊನೆಗೆ ತನ್ನವರ ಕೈಯಿಂದಲೇ ಹತಳಾದಳು. ಅತ್ತ ವಿಜಯನಗರದ ಹೆಸರಾದರೂ ಒಂದೇ ದಿನದಲ್ಲಿ ಅಳಿಯಲಿಲ್ಲ. ಅರವೀಡು ವಂಶದವರು ಪೆನುಕೊಂಡೆಯಿಂದ, ಚಂದ್ರಗಿರಿಯಿಂದ, ವೇಲೂರಿನಿಂದ ಮುಂದಿನ ಶತಮಾನದವರೆಗೂ ಆಳಿದರು. ಅವರ ಪ್ರತಿನಿಧಿಯ ಕೈಯಿಂದ 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರು ಮೈಸೂರಿನ ಏಳಿಗೆಗೆ ಅಡಿಪಾಯ ಹಾಕಿದರು. ಯುದ್ಧದ ಮರುದಿನ ಲೋಕ ಮುಗಿಯುವುದಿಲ್ಲವೆಂಬುದು ಯುದ್ಧದ ಅಧ್ಯಾಯವನ್ನಷ್ಟೇ ಓದಿದವನಿಗೆ ಕಾಣುವುದಿಲ್ಲ.

ಇಲ್ಲಿ ಇನ್ನೊಂದು ಅಪಾಯದ ಮಾತನ್ನು ಹೇಳಬೇಕು. ಈ ಬಗೆಯ ಅಧ್ಯಯನದ ಅರ್ಧದಾರಿಯಲ್ಲಿ ನಿಂತ ಕೆಲವು ತರುಣರು, ಎಲ್ಲವೂ ರಾಜಕಾರಣ, ಎಲ್ಲರೂ ಸಮಾನ, ಆದುದರಿಂದ ದುಃಖಕ್ಕೆ ಕಾರಣವೇ ಇಲ್ಲವೆಂಬ ಒಣ ತೀರ್ಮಾನಕ್ಕೆ ಬರುವುದುಂಟು. ಅದನ್ನು ನಾನು ಒಪ್ಪಲಾರೆ. ಹಂಪಿಯ ಉಗ್ರನರಸಿಂಹನ ಮುಂದೆ ಹೋಗಿ ನೋಡಿ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಆ ವಿಗ್ರಹದ ಕೈಗಳು ಮುರಿದಿವೆ. ತೊಡೆಯ ಮೇಲಿದ್ದ ಲಕ್ಷ್ಮಿ ಅಲ್ಲಿಲ್ಲ. ಸ್ವಾಮಿಯನ್ನು ಬಳಸಿದ್ದ ಆಕೆಯ ಕೈಯೊಂದು ಮಾತ್ರ ಅವನ ಬೆನ್ನಿಗೆ ಅಂಟಿಕೊಂಡು ಉಳಿದಿದೆ. ವಿಠ್ಠಲ ದೇವಾಲಯದ ಕಲ್ಲು ಬೆಂಕಿಯ ಕಾವನ್ನು ಉಂಡಿದೆ. ನಗರದ ಜನ ಒಂದೇ ಋತುವಿನಲ್ಲಿ ತಲೆಮಾರುಗಳ ಮನೆಗಳನ್ನು ಬಿಟ್ಟು ನಡೆದರು. ಫ್ರೆಡರಿಕನು ಬಂದಾಗ ಮನೆಗಳು ನಿಂತಿದ್ದುವು, ಒಳಗೆ ಜನರಿರಲಿಲ್ಲ, ಹುಲಿಗಳೂ ಕಾಡುಮೃಗಗಳೂ ವಾಸವಾಗಿದ್ದುವು. ವಿರೂಪಾಕ್ಷನ ಪೂಜೆ ಮಾತ್ರ ಇಂದಿಗೂ ನಡೆದುಬಂದಿದೆ. ಅದು ಹೇಗೆ ಉಳಿಯಿತೆಂಬುದು ಶೋಧಿಸತಕ್ಕ ವಿಷಯ. ಮಾಡಿದವರ ಉದ್ದೇಶಗಳು ಎಷ್ಟೇ ಜಟಿಲವಾಗಿದ್ದರೂ ಅನುಭವಿಸಿದವರ ನೋವು ನೋವೇ. ಜಟಿಲತೆಯನ್ನು ಅರಿತ ಮೇಲೂ ದುಃಖಿಸಬಲ್ಲ ಶಕ್ತಿ, ದುಃಖದ ನಡುವೆಯೂ ದ್ವೇಷಕ್ಕೆ ಎಡೆಗೊಡದ ಸಂಯಮ, ಇವೆರಡೂ ಒಂದೇ ಎದೆಯಲ್ಲಿ ಕೂಡಿ ಬಾಳುವುದು ಸಾಧ್ಯ; ಇಪ್ಪತ್ತರ ವಯಸ್ಸಿನಲ್ಲಿಯೇ ಅದನ್ನು ಸಾಧಿಸಿದವರನ್ನು ನಾನು ಬಲ್ಲೆ.

ಕನ್ನಡದ ತರುಣನಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಹೊಣೆಯಿದೆ. ಸೋತವರ ರಾಜಧಾನಿಯಾದ ಹಂಪಿಯೂ ಅವನ ನಾಡಿನಲ್ಲಿಯೇ ಇದೆ, ಗೆದ್ದವರಲ್ಲಿ ಒಬ್ಬನ ರಾಜಧಾನಿಯಾದ ವಿಜಯಪುರವೂ ಅವನ ನಾಡಿನಲ್ಲಿಯೇ ಇದೆ, ಬೀದರಿನ ಕೋಟೆಯೂ ಅವನದೇ. ಆಲೂರರ ಕಾಲದಲ್ಲಿ ಈ ಯುದ್ಧದ ನೆಲೆಗಳನ್ನು ಸುತ್ತಿಬರಲು ಹೊರಟವನು ಮದರಾಸು ಪ್ರಾಂತದ ಹಂಪಿಯಿಂದ ಹೊರಟು, ನಿಜಾಮರ ರಾಯಚೂರನ್ನು ಹಾದು, ಮುಂಬಯಿ ಪ್ರಾಂತದ ಬಿಜಾಪುರವನ್ನು ಸೇರಬೇಕಾಗಿತ್ತು. ಬಳ್ಳಾರಿಯ ಸೀಮೆ 1953ರಲ್ಲಿಯೂ ಉಳಿದವು 1956ರಲ್ಲಿಯೂ ಬಂದು ಸೇರಿ ಇವೆಲ್ಲ ಒಂದೇ ರಾಜ್ಯವಾದುವು. ಶಾರದೆಯನ್ನೂ ಗಣಪತಿಯನ್ನೂ ಸ್ತುತಿಸಿ ‘ಕಿತಾಬ್-ಎ-ನೌರಸ್’ ರಚಿಸಿದ ಇಬ್ರಾಹಿಂ ಆದಿಲ್ ಶಾಹನು ಅಲಿಯ ಸೋದರನ ಮಗನೆಂಬುದನ್ನೂ, ಆತನು ಆಳಿದ್ದು ಕನ್ನಡದ ಜನ ಬಾಳಿದ ಊರುಗಳನ್ನೆಂಬುದನ್ನೂ ಮರೆತರೆ ನಮ್ಮ ಆಸ್ತಿಯ ಒಂದು ಪಾಲನ್ನು ನಾವೇ ಬಿಟ್ಟುಕೊಟ್ಟಂತೆ.

ನಮ್ಮ ಶಾಲೆಗಳು ಪ್ರತಿವರ್ಷ ಚಳಿಗಾಲದಲ್ಲಿ ಮಕ್ಕಳನ್ನು ಹಂಪಿಗೆ ಕರೆದೊಯ್ಯುತ್ತವೆ. ವಿಜಯಪುರಕ್ಕೆ ಬೇರೊಂದು ವರ್ಷ ಕರೆದೊಯ್ಯುತ್ತವೆ, ಅಥವಾ ಕರೆದೊಯ್ಯುವುದೇ ಇಲ್ಲ. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಹಂಪಿಯಲ್ಲಿ ಎರಡು ದಿನ ತಂಗಿ, ಫ್ರೆಡರಿಕನ ವರ್ಣನೆಯನ್ನು ಅಲ್ಲಿಯೇ ಮಕ್ಕಳಿಗೆ ವಿವರಿಸಿ, ಬಳಿಕ ಮುದಗಲ್ಲಿನ ಕೋಟೆಯನ್ನು ನೋಡಿಕೊಂಡು, ಕೃಷ್ಣೆಯ ದಡದ ಯಾವುದಾದರೂ ಹಳ್ಳಿಯಲ್ಲಿ ಇಳಿದು, ಜೋಳದ ಹೊಲಗಳ ನಡುವೆ ಫಿರಿಸ್ತಾನ ಕಥನವನ್ನು ಹೇಳಿ, ತಾಳಿಕೋಟೆಯ ಮೇಲೆ ಹಾದು ವಿಜಯಪುರವನ್ನು ಸೇರಬಹುದು. ಸೈನ್ಯದ ಗ್ರಾಸದ ಲೆಕ್ಕವನ್ನು ದಾರಿಯಲ್ಲಿ ಮಕ್ಕಳಿಂದಲೇ ಮಾಡಿಸಬಹುದು. ಹಳ್ಳಿಯ ಹಿರಿಯರು ಆ ಯುದ್ಧವನ್ನು ಕುರಿತು ಹೇಳುವ ಮಾತುಗಳನ್ನು, ಅವು ಗ್ರಂಥಗಳಿಗೆ ಹೊಂದಲಿ ಬಿಡಲಿ, ಒಂದು ಟಿಪ್ಪಣಿಯ ಪುಸ್ತಕದಲ್ಲಿ ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಅವುಗಳಲ್ಲಿ ಎಷ್ಟು ಪುರಾತನ, ಎಷ್ಟು ನಿನ್ನೆಮೊನ್ನೆಯದು ಎಂಬ ವಿಚಾರವನ್ನು ಊರಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಮಾಡಬಹುದು.